ಔಟ್‌ಲುಕ್ ಕಸ್ಟಮ್ ಫಾರ್ಮ್ ಕೈಕೊಟ್ಟರೆ ಎಲ್ಲಿಂದ ಶುರು ಮಾಡಬೇಕು? ಸಮಗ್ರ ಮಾರ್ಗದರ್ಶಿ

ರಜೆ ಅರ್ಜಿಗೆ, ಗೇಟ್ ಪಾಸಿಗೆ, ಸ್ಟೋರ್‌ನಿಂದ ಸಾಮಾನು ಕೇಳುವುದಕ್ಕೆ ಎಷ್ಟೋ ಆಫೀಸುಗಳಲ್ಲಿ ಔಟ್‌ಲುಕ್ ಒಳಗೇ ಒಂದು ಫಾರ್ಮ್ ಮಾಡಿಟ್ಟಿರುತ್ತಾರೆ. ಒಂದು ದಿನ ಅದು ತೆರೆಯುವುದಿಲ್ಲ. ಅಥವಾ ತೆರೆಯುತ್ತದೆ, ಆದರೆ ಬಟನ್ ಒತ್ತಿದರೆ ಏನೂ ಆಗುವುದಿಲ್ಲ. ಅಥವಾ ಎಲ್ಲ ತುಂಬಿ ಕಳಿಸಿದರೂ ಆ ಕಡೆಯವರಿಗೆ ಖಾಲಿ ಮೇಲ್ ಸಿಗುತ್ತದೆ.

ಹೆಚ್ಚಿನವರು ಎಡವುವುದು ಒಂದೇ ಜಾಗದಲ್ಲಿ. ಫಾರ್ಮ್ ಕೆಟ್ಟಿತು ಅಂದ ಕೂಡಲೇ ಕೋಡ್ ತೆರೆದು ತಿದ್ದಲು ಕೂರುತ್ತಾರೆ. ಇಲ್ಲವೇ ಇಡೀ ಆಫೀಸ್ ತೆಗೆದು ಮತ್ತೆ ಇನ್‌ಸ್ಟಾಲ್ ಮಾಡುತ್ತಾರೆ. ಆದರೆ ಔಟ್‌ಲುಕ್ ಯಾವ ಫಾರ್ಮನ್ನು ಹುಡುಕುತ್ತಿದೆ, ಅದನ್ನು ಎಲ್ಲಿಂದ ತರುತ್ತಿದೆ ಅನ್ನುವುದೇ ಗೊತ್ತಿಲ್ಲದಿದ್ದರೆ ಕೋಡ್ ತಿದ್ದಿ ಏನು ಪ್ರಯೋಜನ? ನೀವು ತಿದ್ದಿದ ಪ್ರತಿ ಒಂದು ಕಡೆ, ಜನ ತೆರೆಯುತ್ತಿರುವ ಪ್ರತಿ ಇನ್ನೊಂದು ಕಡೆ ಇರಬಹುದು. ಹಾಗಾಗಿ ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ನಡುವಿನದ್ದನ್ನು ಬಿಟ್ಟು ಹಾರಬೇಡಿ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಪರೀಕ್ಷಿಸಿ, ಆಮೇಲೆ ಮುಂದಕ್ಕೆ ಹೋಗಿ.

## ಮೊದಲು ಇವು ಕೈಯಲ್ಲಿರಲಿ

ಡೆವಲಪರ್ ಟ್ಯಾಬ್ ಬೇಕೇ ಬೇಕು. ಫೈಲ್, ಆಪ್ಷನ್ಸ್, ಕಸ್ಟಮೈಸ್ ರಿಬ್ಬನ್‌ಗೆ ಹೋಗಿ ಬಲಗಡೆಯ ಪಟ್ಟಿಯಲ್ಲಿ ಡೆವಲಪರ್ ಎದುರು ಟಿಕ್ ಹಾಕಿ. ಫಾರ್ಮನ್ನು ತೆರೆಯುವ, ತಿದ್ದುವ, ಪಬ್ಲಿಶ್ ಮಾಡುವ (ಅಂದರೆ ಬಳಸುವವರಿಗೆ ಸಿಗುವಂತೆ ಔಟ್‌ಲುಕ್‌ನ ಲೈಬ್ರರಿಗೆ ಹಾಕುವ) ಬಟನ್‌ಗಳೆಲ್ಲ ಅಲ್ಲೇ ಇವೆ.

ಎರಡನೆಯದು ಬ್ಯಾಕಪ್. ಡಿಸೈನ್ ಎ ಫಾರ್ಮ್ ಮೂಲಕ ಈಗಿನ ಫಾರ್ಮ್ ತೆರೆದು, ಸೇವ್ ಆ್ಯಸ್ ಕೊಟ್ಟು, ಔಟ್‌ಲುಕ್ ಟೆಂಪ್ಲೇಟ್ ಫೈಲ್ ಆಗಿ ಒಂದು ಪ್ರತಿ ತೆಗೆದಿಡಿ. ಫೈಲ್ ಹೆಸರಿನಲ್ಲಿ ತಾರೀಖು ಇರಲಿ. ಕೋಡ್ ಇದ್ದರೆ ಅದನ್ನು ನೋಟ್‌ಪ್ಯಾಡ್‌ಗೂ ಬೇರೆಯಾಗಿ ಕಾಪಿ ಮಾಡಿ. ಬ್ಯಾಕಪ್ ಇಲ್ಲದೆ ಫಾರ್ಮ್ ಮುಟ್ಟಲೇಬೇಡಿ.

ಇನ್ನೊಂದು ಬೇಕು: ಪರೀಕ್ಷೆಗೆ ಬೇರೆ ಯೂಸರ್‌ನ ಒಂದು ಮೇಲ್‌ಬಾಕ್ಸ್. ಫಾರ್ಮ್ ಮಾಡಿದವರ ಕಂಪ್ಯೂಟರಿನಲ್ಲಿ ಅದು ಸರಿಯಾಗಿಯೇ ಓಡುತ್ತದೆ. ಅದರಿಂದ ಏನೂ ತಿಳಿಯುವುದಿಲ್ಲ.

## ಹಂತ 1: ಯಾವ ಔಟ್‌ಲುಕ್ ಅಂತ ಖಚಿತ ಮಾಡಿಕೊಳ್ಳಿ

ಕಸ್ಟಮ್ ಫಾರ್ಮ್ ಓಡುವುದು ವಿಂಡೋಸ್‌ನ ಕ್ಲಾಸಿಕ್ ಔಟ್‌ಲುಕ್‌ನಲ್ಲಿ ಮಾತ್ರ. ಬ್ರೌಸರ್‌ನಲ್ಲಿ ತೆರೆಯುವ ಔಟ್‌ಲುಕ್, ಮ್ಯಾಕ್, ಮೊಬೈಲ್ ಆ್ಯಪ್, ವಿಂಡೋಸ್‌ಗೆ ಬಂದಿರುವ ಹೊಸ ಔಟ್‌ಲುಕ್ ಇವು ಯಾವುವೂ ಅದನ್ನು ತೋರಿಸುವುದಿಲ್ಲ. ಹೊಸ ಔಟ್‌ಲುಕ್ 2024ರ ಆಗಸ್ಟ್‌ನಲ್ಲಿ ಎಲ್ಲ ಕಂಪನಿಗಳಿಗೂ ತೆರೆದುಕೊಂಡಿತು. ಅದಕ್ಕೆ ಬದಲಾಯಿಸುವ ಸ್ವಿಚ್ ಕ್ಲಾಸಿಕ್‌ನ ಮೇಲ್ಭಾಗದಲ್ಲೇ ಕಾಣುತ್ತದೆ. ಯಾರೋ ಕುತೂಹಲಕ್ಕೆ ಒತ್ತಿರುತ್ತಾರೆ, ಮಾರನೇ ದಿನ "ಫಾರ್ಮ್ ಮಾಯ ಆಗಿದೆ" ಅಂತ ಫೋನ್ ಬರುತ್ತದೆ.

ಗುರುತಿಸುವುದು ಸುಲಭ. ಡೆವಲಪರ್ ಟ್ಯಾಬ್ ತರಿಸಲು ದಾರಿಯೇ ಕಾಣದಿದ್ದರೆ ಅದು ಕ್ಲಾಸಿಕ್ ಅಲ್ಲ. ಅಲ್ಲಿ ಮುಂದಿನ ಯಾವ ಹಂತವೂ ಕೆಲಸಕ್ಕೆ ಬರುವುದಿಲ್ಲ. ಕ್ಲಾಸಿಕ್‌ಗೆ ವಾಪಸ್ ಬಂದು ನೋಡಿ.

## ಹಂತ 2: ಮೆಸೇಜ್ ಕ್ಲಾಸ್ ಓದಿ

ಔಟ್‌ಲುಕ್‌ನ ಪ್ರತಿ ಐಟಮ್‌ಗೂ, ಅಂದರೆ ಪ್ರತಿ ಮೇಲ್, ಕ್ಯಾಲೆಂಡರ್ ನಮೂದು, ಸಂಪರ್ಕಕ್ಕೂ, ಅದು ಯಾವ ಫಾರ್ಮಿನದ್ದು ಅಂತ ಹೇಳುವ ಒಂದು ಹೆಸರು ಇರುತ್ತದೆ. ಅದೇ ಮೆಸೇಜ್ ಕ್ಲಾಸ್. ಸಾಮಾನ್ಯ ಮೇಲ್‌ಗೆ ಐಪಿಎಂ.ನೋಟ್, ಕ್ಯಾಲೆಂಡರ್‌ಗೆ ಐಪಿಎಂ.ಅಪಾಯಿಂಟ್‌ಮೆಂಟ್, ಸಂಪರ್ಕಗಳಿಗೆ ಐಪಿಎಂ.ಕಾಂಟ್ಯಾಕ್ಟ್. ನೀವು ರಜೆ ಅರ್ಜಿ ಫಾರ್ಮ್ ಪಬ್ಲಿಶ್ ಮಾಡಿದಾಗ ಅದು ಐಪಿಎಂ.ನೋಟ್.ರಜೆಅರ್ಜಿ ಅನ್ನುವಂಥ ಹೆಸರು ಪಡೆಯುತ್ತದೆ. ಐಟಮ್ ತೆರೆಯುವಾಗ ಔಟ್‌ಲುಕ್ ಈ ಹೆಸರಿನ ಫಾರ್ಮ್ ಹುಡುಕುತ್ತದೆ. ಸಿಗದಿದ್ದರೆ ಕೊನೆಯ ಭಾಗ ಬಿಟ್ಟು, ಬರೀ ಐಪಿಎಂ.ನೋಟ್ ಅಂದರೆ ಸಾಮಾನ್ಯ ಮೇಲ್ ಫಾರ್ಮ್ ತೋರಿಸುತ್ತದೆ. "ಫಾರ್ಮ್ ಬದಲು ಮಾಮೂಲಿ ಮೇಲ್ ಬರುತ್ತಿದೆ" ಅನ್ನುವ ದೂರಿನ ಹಿಂದೆ ಬಹಳ ಸಲ ಇರುವುದು ಇದೇ.

ಕ್ಲಾಸ್ ನೋಡಲು ಎರಡು ದಾರಿ. ಫೋಲ್ಡರ್ ವ್ಯೂಗೆ ಫೀಲ್ಡ್ ಚೂಸರ್‌ನಿಂದ ಮೆಸೇಜ್ ಕ್ಲಾಸ್ ಕಾಲಮ್ ಎಳೆದು ಹಾಕಬಹುದು. ಇಲ್ಲವೇ ತೊಂದರೆ ಕೊಡುವ ಐಟಮ್ ಸೆಲೆಕ್ಟ್ ಮಾಡಿ, ಆಲ್ಟ್ ಮತ್ತು ಎಫ್11 ಒತ್ತಿ ವಿಬಿಎ (ಆಫೀಸ್‌ನ ಮ್ಯಾಕ್ರೋ ಬರೆಯುವ ಭಾಷೆ) ಎಡಿಟರ್ ತೆರೆದು, ಕಂಟ್ರೋಲ್ ಮತ್ತು ಜಿ ಒತ್ತಿದರೆ ಬರುವ ಇಮಿಡಿಯೇಟ್ ವಿಂಡೋದಲ್ಲಿ ಅದರ ಮೆಸೇಜ್ ಕ್ಲಾಸ್ ಕೇಳಬಹುದು.

ಸಿಕ್ಕ ಉತ್ತರವನ್ನು ಪಬ್ಲಿಶ್ ಆದ ಫಾರ್ಮಿನ ಹೆಸರಿನ ಜೊತೆ ಅಕ್ಷರ ಅಕ್ಷರವಾಗಿ ಹೋಲಿಸಿ. ಯಾರೋ ಹೊಸ ಆವೃತ್ತಿಯನ್ನು ರಜೆಅರ್ಜಿ2 ಅಂತ ಪಬ್ಲಿಶ್ ಮಾಡಿ ಹಳೆಯದನ್ನು ಅಳಿಸಿದ್ದರೆ, ಹಳೇ ಐಟಮ್‌ಗಳು ಇನ್ನೂ ಹಳೇ ಹೆಸರನ್ನೇ ಹುಡುಕುತ್ತಿರುತ್ತವೆ. ಕ್ಲಾಸ್ ಬರೀ ಐಪಿಎಂ.ನೋಟ್ ಅಂತ ಬಂದರೆ ಹಂತ 5 ಬಹಳ ಮುಖ್ಯ.

## ಹಂತ 3: ಫಾರ್ಮ್ ಎಲ್ಲಿ ಪಬ್ಲಿಶ್ ಆಗಿದೆ?

ಫಾರ್ಮ್ ಇರಬಹುದಾದ ಜಾಗ ಮೂರು. ಪರ್ಸನಲ್ ಫಾರ್ಮ್ಸ್ ಲೈಬ್ರರಿ ನಿಮ್ಮ ಮೇಲ್‌ಬಾಕ್ಸ್‌ಗೆ ಮಾತ್ರ ಸೇರಿದ್ದು. ಫೋಲ್ಡರ್ ಲೈಬ್ರರಿ ಆ ಫೋಲ್ಡರ್ ಬಳಸುವವರಿಗೆ. ಆರ್ಗನೈಸೇಷನಲ್ ಫಾರ್ಮ್ಸ್ ಲೈಬ್ರರಿ ಇಡೀ ಸಂಸ್ಥೆಗೆ, ಅದಕ್ಕೆ ಸಂಸ್ಥೆಯ ಮೇಲ್ ನಡೆಸುವ ಮೈಕ್ರೋಸಾಫ್ಟ್‌ನ ಎಕ್ಸ್‌ಚೇಂಜ್ ಸರ್ವರ್ ಬೇಕು. ಟೆಂಪ್ಲೇಟ್ ಫೈಲ್ ಆಗಿ ಡಿಸ್ಕ್‌ನಲ್ಲಿ ಸೇವ್ ಮಾಡಿದ್ದು ಪಬ್ಲಿಶ್ ಮಾಡಿದಂತೆ ಅಲ್ಲ. ಅದರಲ್ಲಿರುವ ಕೋಡ್ ಓಡುವುದಿಲ್ಲ.

ಫೈಲ್, ಆಪ್ಷನ್ಸ್, ಅಡ್ವಾನ್ಸ್ಡ್‌ಗೆ ಹೋಗಿ. ಕೆಳಗೆ ಡೆವಲಪರ್ಸ್ ಅನ್ನುವ ಭಾಗದಲ್ಲಿ ಕಸ್ಟಮ್ ಫಾರ್ಮ್ಸ್ ಬಟನ್ ಇದೆ. ಅದರೊಳಗೆ ಮ್ಯಾನೇಜ್ ಫಾರ್ಮ್ಸ್. ಸೆಟ್ ಬಟನ್ ಒತ್ತಿ ಲೈಬ್ರರಿಗಳನ್ನು ಒಂದೊಂದಾಗಿ ತೆರೆದು ನೋಡಿ.

ತುಂಬಾ ಕಾಡುವ ತಪ್ಪು ಇಲ್ಲೇ ಆಗುವುದು. ಫಾರ್ಮ್ ಮಾಡಿದವರು ಮೊದಲು ಪರೀಕ್ಷೆಗೆ ಅಂತ ಪರ್ಸನಲ್ ಲೈಬ್ರರಿಗೆ ಹಾಕಿರುತ್ತಾರೆ, ಆಮೇಲೆ ಅದೇ ಹೆಸರಿನಲ್ಲಿ ಆರ್ಗನೈಸೇಷನಲ್ ಲೈಬ್ರರಿಗೂ ಹಾಕುತ್ತಾರೆ. ಹುಡುಕುವಾಗ ಔಟ್‌ಲುಕ್‌ಗೆ ಪರ್ಸನಲ್ ಲೈಬ್ರರಿ ಮೊದಲು ಸಿಗುತ್ತದೆ, ಆರ್ಗನೈಸೇಷನಲ್ ಆಮೇಲೆ. ಹಾಗಾಗಿ ಅವರಿಗೆ ಯಾವಾಗಲೂ ತಮ್ಮ ಹಳೇ ಪ್ರತಿ ಕಾಣುತ್ತದೆ, ಉಳಿದವರಿಗೆ ಹೊಸದು. ಒಂದು ಹೆಸರಿನ ಫಾರ್ಮ್ ಒಂದೇ ಜಾಗದಲ್ಲಿ ಇರಬೇಕು. ಉಳಿದ ಪ್ರತಿಗಳನ್ನು ಬ್ಯಾಕಪ್ ತೆಗೆದು ಅಳಿಸಿ.

ಇನ್ನೊಂದು ಪ್ರಸಂಗ: ನಿಮಗೆ ಫಾರ್ಮ್ ಸರಿಯಾಗಿ ಕಾಣುತ್ತದೆ, ಬೇರೆ ಯಾರಿಗೂ ಕಾಣುವುದಿಲ್ಲ. ಅದು ನಿಮ್ಮ ಪರ್ಸನಲ್ ಲೈಬ್ರರಿಯಲ್ಲಿ ಮಾತ್ರ ಇದೆ ಅಂತಲೇ ತಿಳಿಯಿರಿ. ಆರ್ಗನೈಸೇಷನಲ್ ಲೈಬ್ರರಿಗೆ ಹಾಕಲು ಹೋದಾಗ ಅನುಮತಿ ಇಲ್ಲ ಅನ್ನುವ ಎಚ್ಚರಿಕೆ ಬಂದರೆ, ನಿಮಗೆ ಅದರ ಓನರ್ ಹಕ್ಕು ಕೊಡುವಂತೆ ಎಕ್ಸ್‌ಚೇಂಜ್ ನೋಡಿಕೊಳ್ಳುವವರನ್ನು ಕೇಳಿ. ಅದರ ಕ್ಲೌಡ್ ರೂಪವಾದ ಎಕ್ಸ್‌ಚೇಂಜ್ ಆನ್‌ಲೈನ್‌ನಲ್ಲಿ ಈ ಲೈಬ್ರರಿ ತಾನಾಗಿ ಇರುವುದಿಲ್ಲ. ಅಡ್ಮಿನ್ ಪವರ್‌ಶೆಲ್‌ನಿಂದ ಅದನ್ನು ಪಬ್ಲಿಕ್ ಫೋಲ್ಡರ್ (ಸಂಸ್ಥೆಯವರು ಹಂಚಿಕೊಂಡು ಬಳಸುವ ಫೋಲ್ಡರ್) ರೂಪದಲ್ಲಿ ಸೃಷ್ಟಿಸಬೇಕು.

## ಹಂತ 4: ಕ್ಯಾಶ್ ಖಾಲಿ ಮಾಡಿ

ಒಮ್ಮೆ ತೆರೆದ ಫಾರ್ಮಿನ ಪ್ರತಿಯನ್ನು ಔಟ್‌ಲುಕ್ ಕಂಪ್ಯೂಟರಿನಲ್ಲೇ ಇಟ್ಟುಕೊಳ್ಳುತ್ತದೆ. ಈ ಕ್ಯಾಶ್ ಕೆಟ್ಟರೆ ಎರಡು ಎಚ್ಚರಿಕೆಗಳು ಬರುತ್ತವೆ. ಒಂದು, ಈ ಸಂದೇಶ ನೋಡಲು ಬೇಕಾದ ಫಾರ್ಮ್ ತೋರಿಸಲಾಗುತ್ತಿಲ್ಲ, ಅಡ್ಮಿನ್ ಅವರನ್ನು ಸಂಪರ್ಕಿಸಿ ಅನ್ನುವುದು. ಇನ್ನೊಂದು, ಕಸ್ಟಮ್ ಫಾರ್ಮ್ ತೆರೆಯಲಾಗಲಿಲ್ಲ, ಅದರ ಬದಲು ಔಟ್‌ಲುಕ್‌ನ ಫಾರ್ಮ್ ಬಳಸುತ್ತೇವೆ ಅನ್ನುವುದು. ಒಬ್ಬರ ಕಂಪ್ಯೂಟರಿನಲ್ಲಿ ಮಾತ್ರ ಇವು ಕಂಡರೆ ಮೊದಲ ಅನುಮಾನ ಕ್ಯಾಶ್ ಮೇಲೆ.

ಆ ಫಾರ್ಮಿನ ಎಲ್ಲ ಐಟಮ್ ಮುಚ್ಚಿ. ಮ್ಯಾನೇಜ್ ಫಾರ್ಮ್ಸ್ ಕಿಟಕಿಯಲ್ಲೇ ಇರುವ ಕ್ಲಿಯರ್ ಕ್ಯಾಶ್ ಒತ್ತಿ. ಔಟ್‌ಲುಕ್ ಮುಚ್ಚಿ ತೆರೆಯಿರಿ. ಆಗಲೂ ಸರಿಹೋಗದಿದ್ದರೆ ಔಟ್‌ಲುಕ್ ಪೂರ್ತಿ ಮುಚ್ಚಿ, ನಿಮ್ಮ ಯೂಸರ್‌ನ ಲೋಕಲ್ ಆ್ಯಪ್‌ಡೇಟಾ ಒಳಗೆ ಮೈಕ್ರೋಸಾಫ್ಟ್, ಅದರೊಳಗೆ ಫಾರ್ಮ್ಸ್ ಫೋಲ್ಡರ್ ತೆರೆಯಿರಿ. ಅಲ್ಲಿ ಎಫ್‌ಆರ್‌ಎಂಕ್ಯಾಶ್ ಹೆಸರಿನ ಡಾಟ್ ಡ್ಯಾಟ್ ಫೈಲ್ ಇರುತ್ತದೆ. ಅದನ್ನು ಅಳಿಸುವ ಬದಲು ಹೆಸರು ಬದಲಿಸಿ. ಔಟ್‌ಲುಕ್ ಹೊಸದನ್ನು ತಾನೇ ಮಾಡಿಕೊಳ್ಳುತ್ತದೆ.

ಕ್ಯಾಶ್ ಖಾಲಿ ಮಾಡಿದ ಮೇಲೂ ಎಲ್ಲರಿಗೂ ಅದೇ ತೊಂದರೆ ಇದ್ದರೆ ಮತ್ತೆ ಮತ್ತೆ ಖಾಲಿ ಮಾಡುತ್ತಾ ಕೂರಬೇಡಿ. ತೊಂದರೆ ಲೈಬ್ರರಿಯಲ್ಲಿದೆ ಅಥವಾ ಫಾರ್ಮಿನಲ್ಲೇ ಇದೆ.

## ಹಂತ 5: ಐಟಮ್ ಒನ್-ಆಫ್ ಆಗಿದೆಯಾ ನೋಡಿ

ಫಾರ್ಮಿನ ವಿನ್ಯಾಸ ಲೈಬ್ರರಿಯಲ್ಲಿ ಉಳಿಯದೆ ಐಟಮ್ ಒಳಗೇ ಸೇರಿಕೊಂಡರೆ ಅದಕ್ಕೆ ಒನ್-ಆಫ್ ಅನ್ನುತ್ತಾರೆ. ಲಕ್ಷಣ ಮೂರು: ಮೆಸೇಜ್ ಕ್ಲಾಸ್ ಐಪಿಎಂ.ನೋಟ್‌ಗೆ ಮರಳಿರುತ್ತದೆ, ಐಟಮ್‌ನ ಗಾತ್ರ ಇದ್ದಕ್ಕಿದ್ದಂತೆ ಜಾಸ್ತಿಯಾಗಿರುತ್ತದೆ, ಕೋಡ್ ಸುಮ್ಮನಾಗಿರುತ್ತದೆ.

ಫಾರ್ಮ್ ತಿದ್ದುವ ಡಿಸೈನ್ ಮೋಡ್‌ನ ಪ್ರಾಪರ್ಟೀಸ್ ಪುಟದಲ್ಲಿ ಸೆಂಡ್ ಫಾರ್ಮ್ ಡೆಫಿನಿಷನ್ ವಿತ್ ಐಟಮ್ ಅನ್ನುವ ಚೌಕಕ್ಕೆ ಟಿಕ್ ಬಿದ್ದಿದ್ದರೆ ತೆಗೆಯಿರಿ. "ಇದನ್ನು ಹಾಕಿದರೆ ಎಲ್ಲರಿಗೂ ಫಾರ್ಮ್ ಕಾಣುತ್ತೆ" ಅಂತ ಸಲಹೆ ಕೊಡುವವರಿದ್ದಾರೆ. ಕಾಣುವುದೇನೋ ಹೌದು, ಕೋಡ್ ಮಾತ್ರ ಸಾಯುತ್ತದೆ. ಕೋಡ್ ಒಳಗಿನಿಂದ ಐಟಮ್‌ಗೆ ಹೊಸ ಫೀಲ್ಡ್ (ತುಂಬಿದ ವಿವರ ಉಳಿಯುವ ಜಾಗ) ಸೇರಿಸಿದರೂ ಒನ್-ಆಫ್ ಆಗಬಹುದು. ಬೇಕಾದ ಫೀಲ್ಡ್‌ಗಳನ್ನೆಲ್ಲ ಡಿಸೈನ್ ಮಾಡುವಾಗಲೇ ಸೇರಿಸಿಬಿಡಿ.

## ಹಂತ 6: ಕೋಡ್ ಓಡುತ್ತಿದೆಯಾ?

ಇಲ್ಲಿಯವರೆಗಿನದ್ದೆಲ್ಲ ಸರಿ ಇದ್ದರೆ ಮಾತ್ರ ಕೋಡ್ ಕಡೆ ಬನ್ನಿ. ಕೋಡ್‌ನಲ್ಲಿ ತಪ್ಪಿದೆಯಾ ಅನ್ನುವುದು ಎರಡನೇ ಪ್ರಶ್ನೆ. ಕೋಡ್ ಓಡುತ್ತಿದೆಯಾ ಅನ್ನುವುದು ಮೊದಲನೆಯದು.

ಫಾರ್ಮನ್ನು ಡಿಸೈನ್ ಮೋಡ್‌ನಲ್ಲಿ ತೆರೆದು ವ್ಯೂ ಕೋಡ್ ಒತ್ತಿ. ಸ್ಕ್ರಿಪ್ಟ್ ಮೆನುವಿನ ಈವೆಂಟ್ ಹ್ಯಾಂಡ್ಲರ್‌ನಿಂದ ಓಪನ್ (ಫಾರ್ಮ್ ತೆರೆದಾಗ ಓಡುವ ಕೋಡ್) ಆರಿಸಿ. ಅದರೊಳಗೆ ಒಂದೇ ಒಂದು ಮೆಸೇಜ್ ಬಾಕ್ಸ್ ಸಾಲು ಹಾಕಿ, ಪಬ್ಲಿಶ್ ಮಾಡಿ, ಫಾರ್ಮ್ ತೆರೆಯಿರಿ. ಬಾಕ್ಸ್ ಬಂದರೆ ಕೋಡ್ ಓಡುತ್ತಿದೆ, ತಪ್ಪು ಮುಂದಿನ ಸಾಲುಗಳಲ್ಲಿದೆ. ಬರದಿದ್ದರೆ ಔಟ್‌ಲುಕ್ ಕೋಡನ್ನೇ ತಡೆದಿದೆ, ಇಲ್ಲವೇ ಓದಲಾಗದೆ ಬಿಟ್ಟಿದೆ. ಡಿಸೈನ್ ಮೋಡ್‌ನಲ್ಲೇ ಇದ್ದುಕೊಂಡು ಬಟನ್ ಒತ್ತಿ "ಏನೂ ಆಗ್ತಿಲ್ಲ" ಅನ್ನಬೇಡಿ. ಅಲ್ಲಿ ಕೋಡ್ ಓಡುವುದೇ ಇಲ್ಲ.

ತಡೆದಿದ್ದರೆ ಕಾರಣ ಈ ಮೂರರಲ್ಲಿ ಒಂದು ಇರಬಹುದು.

1. 2017ರ ಸೆಪ್ಟೆಂಬರ್ 12ರ ಸೆಕ್ಯುರಿಟಿ ಅಪ್‌ಡೇಟ್. ಅಂದಿನಿಂದ ಕಸ್ಟಮ್ ಫಾರ್ಮ್‌ಗಳ ಕೋಡ್ ಮೊದಲಿಗೇ ಬಂದ್ ಆಗಿರುತ್ತದೆ. ತೆರೆಯಲು ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಇಟ್ಟುಕೊಳ್ಳುವ ರಿಜಿಸ್ಟ್ರಿಯಲ್ಲಿ ಎರಡು ಕೆಲಸ ಆಗಬೇಕು. ಔಟ್‌ಲುಕ್‌ನ ಸೆಕ್ಯುರಿಟಿ ಕೀ ಒಳಗೆ ಡಿಸೇಬಲ್‌ಕಸ್ಟಮ್‌ಫಾರ್ಮ್‌ಐಟಮ್‌ಸ್ಕ್ರಿಪ್ಟ್ ಅನ್ನುವ ಡಿ-ವರ್ಡ್ ಬೆಲೆ 0 ಇರಬೇಕು. ಜೊತೆಗೆ ಔಟ್‌ಲುಕ್‌ನ ಫಾರ್ಮ್ಸ್ ಕೀ ಒಳಗಿನ ಟ್ರಸ್ಟೆಡ್‌ಫಾರ್ಮ್‌ಸ್ಕ್ರಿಪ್ಟ್‌ಲಿಸ್ಟ್‌ನಲ್ಲಿ ನಿಮ್ಮ ಫಾರ್ಮಿನ ಪೂರ್ತಿ ಮೆಸೇಜ್ ಕ್ಲಾಸ್ ಹೆಸರು ಸೇರಿರಬೇಕು. ಬಹಳ ಜನ ಮೊದಲನೆಯದು ಮಾಡಿ ಎರಡನೆಯದು ಮರೆಯುತ್ತಾರೆ. ಕೀ ಇರುವ ಜಾಗ ಆಫೀಸ್ 32 ಬಿಟ್ಟೋ 64 ಬಿಟ್ಟೋ ಅನ್ನುವುದರ ಮೇಲೆ ಬದಲಾಗುತ್ತದೆ. ಹಾಗಾಗಿ ಈ ಕೆಲಸವನ್ನು ಐಟಿ ವಿಭಾಗದವರಿಂದಲೇ ಮಾಡಿಸಿ, ಮೊದಲು ರಿಜಿಸ್ಟ್ರಿ ಎಕ್ಸ್‌ಪೋರ್ಟ್ ತೆಗೆಸಿ. ಈ ತಡೆ ಸುಮ್ನೆ ಹಾಕಿದ್ದಲ್ಲ. ನಿಮಗೆ ನಂಬಿಕೆ ಇರುವ ಫಾರ್ಮ್‌ಗಳನ್ನು ಮಾತ್ರ ಪಟ್ಟಿಗೆ ಸೇರಿಸಿ.

2. ಫಾರ್ಮ್ ಶೇರ್ಡ್ ಅಥವಾ ಪಬ್ಲಿಕ್ ಫೋಲ್ಡರ್‌ನಲ್ಲಿದೆ. ಟ್ರಸ್ಟ್ ಸೆಂಟರ್‌ನ ಇಮೇಲ್ ಸೆಕ್ಯುರಿಟಿ ಪುಟದ ಕೆಳಗೆ ಸ್ಕ್ರಿಪ್ಟ್ ಇನ್ ಫೋಲ್ಡರ್ಸ್ ಅಂತ ಇದೆ. ಶೇರ್ಡ್‌ಗೊಂದು, ಪಬ್ಲಿಕ್‌ಗೊಂದು ಟಿಕ್ ಇರುತ್ತದೆ. ಫಾರ್ಮ್ ಇರುವ ಕಡೆಯದ್ದು ಖಾಲಿ ಇದೆಯಾ ನೋಡಿ.

3. ವಿಂಡೋಸ್‌ನಲ್ಲಿ ವಿಬಿಸ್ಕ್ರಿಪ್ಟ್ ಇಲ್ಲ. ಫಾರ್ಮಿನ ಕೋಡ್ ಬರೆದಿರುವುದು ಈ ಭಾಷೆಯಲ್ಲೇ. ಅದನ್ನು ಹಂತ ಹಂತವಾಗಿ ನಿಲ್ಲಿಸುವುದಾಗಿ ಮೈಕ್ರೋಸಾಫ್ಟ್ 2023ರ ಅಕ್ಟೋಬರ್‌ನಲ್ಲಿ ಹೇಳಿತು. ವಿಂಡೋಸ್ 11ರ 24ಎಚ್2 ಆವೃತ್ತಿಯಿಂದ ಅದು ಬೇಕಾದರೆ ಇಟ್ಟುಕೊಳ್ಳುವ ಆಪ್ಷನಲ್ ಫೀಚರ್ ಆಗಿದೆ. ಸೆಟ್ಟಿಂಗ್ಸ್, ಸಿಸ್ಟಮ್, ಆಪ್ಷನಲ್ ಫೀಚರ್ಸ್‌ನಲ್ಲಿ ಇದೆಯಾ ನೋಡಿ.

ಈ ಮೂರೂ ಸರಿ ಇದ್ದು ಮೆಸೇಜ್ ಬಾಕ್ಸ್ ಇನ್ನೂ ಬರದಿದ್ದರೆ, ಕೋಡಿನ ಬರವಣಿಗೆಯಲ್ಲೇ ದೋಷವಿದೆ. ಇಲ್ಲಿ ವಿಬಿಎ ಗೊತ್ತಿರುವವರೇ ಜಾಸ್ತಿ ಎಡವುತ್ತಾರೆ. ವಿಬಿಸ್ಕ್ರಿಪ್ಟ್‌ನಲ್ಲಿ ವೇರಿಯಬಲ್‌ಗೆ ಆ್ಯಸ್ ಸ್ಟ್ರಿಂಗ್ ಅಂತ ಟೈಪ್ ಕೊಡುವ ಹಾಗಿಲ್ಲ. ಕೊಟ್ಟರೆ ಇಡೀ ಕೋಡ್ ನಿಲ್ಲುತ್ತದೆ. ಓಎಲ್-ಮೇಲ್-ಐಟಮ್‌ನಂಥ ಹೆಸರುಗಳನ್ನೂ ಅದು ಗುರುತಿಸುವುದಿಲ್ಲ, ಅದರ ಬದಲು 0 ಅನ್ನುವ ಸಂಖ್ಯೆಯನ್ನೇ ಬರೆಯಬೇಕು. ಕೋಡಿನ ಶುರುವಿನಲ್ಲಿ ಆನ್ ಎರರ್ ರೆಸ್ಯೂಮ್ ನೆಕ್ಸ್ಟ್ ಇದ್ದರೆ ತೆಗೆದುಹಾಕಿ. ತಪ್ಪು ಹುಡುಕುವಾಗ ಆ ಒಂದು ಸಾಲು ಎಲ್ಲ ಸುಳಿವನ್ನೂ ಮುಚ್ಚಿಬಿಡುತ್ತದೆ.

ಫಾರ್ಮ್ ತೆರೆಯಲು ಅಥವಾ ಕಳಿಸಲು ಒಪ್ಪುತ್ತಲೇ ಇಲ್ಲ, ಎಚ್ಚರಿಕೆಯೂ ಬರುತ್ತಿಲ್ಲ ಅಂದರೆ ಓಪನ್ ಮತ್ತು ಸೆಂಡ್ ಈವೆಂಟ್‌ಗಳನ್ನು ನೋಡಿ. ಅವು ಫಾಲ್ಸ್ ಹಿಂದಿರುಗಿಸಿದರೆ ಔಟ್‌ಲುಕ್ ಆ ಕೆಲಸವನ್ನು ರದ್ದು ಮಾಡುತ್ತದೆ. ಪುಟದ ಹೆಸರು ಬದಲಾಯಿಸಿದ ಮೇಲೆ ಕೋಡ್ ಕೆಟ್ಟಿದ್ದರೆ, ಕೋಡ್ ಇನ್ನೂ ಹಳೇ ಪುಟದ ಹೆಸರಿನಿಂದಲೇ ಕಂಟ್ರೋಲ್ (ಫಾರ್ಮಿನ ಮೇಲಿನ ಚೌಕ, ಬಟನ್) ಹುಡುಕುತ್ತಿರುತ್ತದೆ.

ಇನ್ನೊಂದು ಮಾತು. ಫೀಲ್ಡ್‌ಗೆ ಜೋಡಿಸಿದ ಕಂಟ್ರೋಲ್‌ಗೆ ಕ್ಲಿಕ್ ಈವೆಂಟ್ ಬರುವುದಿಲ್ಲ. ಚೆಕ್ ಬಾಕ್ಸ್ ಒತ್ತಿದಾಗ ಏನಾದರೂ ಆಗಬೇಕಾದರೆ ಕಸ್ಟಮ್ ಪ್ರಾಪರ್ಟಿ ಚೇಂಜ್ ಈವೆಂಟ್‌ನಲ್ಲಿ ಬರೆಯಿರಿ.

## ಹಂತ 7: ತುಂಬಿದ ವಿವರ ಎಲ್ಲಿ ಹೋಯಿತು?

ಅತಿ ಹೆಚ್ಚು ಬೇಸರ ತರಿಸುವ ತೊಂದರೆ ಇದು. ಉದ್ಯೋಗಿ ಎಲ್ಲವನ್ನೂ ತುಂಬಿ ಕಳಿಸಿರುತ್ತಾರೆ, ಮ್ಯಾನೇಜರ್‌ಗೆ ಖಾಲಿ ಚೌಕ ಕಾಣುತ್ತದೆ. ಇಬ್ಬರೂ ಒಬ್ಬರನ್ನೊಬ್ಬರು ಅನುಮಾನಿಸುತ್ತಾರೆ. ಇಬ್ಬರದೂ ತಪ್ಪಿಲ್ಲ.

ಮೊದಲು ಪ್ರತಿ ಕಂಟ್ರೋಲ್ ಮೇಲೂ ರೈಟ್ ಕ್ಲಿಕ್ ಮಾಡಿ, ಪ್ರಾಪರ್ಟೀಸ್‌ನ ವ್ಯಾಲ್ಯೂ ಟ್ಯಾಬ್ ನೋಡಿ. ಅಲ್ಲಿ ಫೀಲ್ಡ್ ಆರಿಸಿಲ್ಲದಿದ್ದರೆ ಆ ಚೌಕದಲ್ಲಿ ಬರೆದದ್ದು ಎಲ್ಲೂ ಉಳಿಯುವುದಿಲ್ಲ. ಐಟಮ್ ಮುಚ್ಚಿದ ಕ್ಷಣ ಹೋಯಿತು. ಟೂಲ್‌ಬಾಕ್ಸ್‌ನಿಂದ ಎಳೆದು ಹಾಕಿದ ಚೌಕಗಳಿಗೆ ಫೀಲ್ಡ್ ಇರುವುದಿಲ್ಲ, ನೀವೇ ಜೋಡಿಸಬೇಕು. ಫೀಲ್ಡ್ ಚೂಸರ್‌ನಿಂದ ಎಳೆದರೆ ತಾನಾಗಿ ಜೋಡಣೆ ಆಗಿರುತ್ತದೆ. ಹೊಸಬರಿಗೆ ನಾನು ಯಾವಾಗಲೂ ಎರಡನೇ ದಾರಿಯನ್ನೇ ಹೇಳುತ್ತೇನೆ.

ಜೋಡಣೆ ಸರಿ ಇದ್ದರೆ ಓದುವ ಪುಟ ನೋಡಿ. ಮೇಲ್ ಫಾರ್ಮಿನ ಮೊದಲ ಪುಟಕ್ಕೆ ಬರೆಯುವ ವಿನ್ಯಾಸ ಬೇರೆ, ಓದುವ ವಿನ್ಯಾಸ ಬೇರೆ. ಎಡಿಟ್ ಕಂಪೋಸ್ ಪೇಜ್‌ನಲ್ಲಿ ಚೌಕ ಸೇರಿಸಿ ಎಡಿಟ್ ರೀಡ್ ಪೇಜ್ ಕಡೆ ನೋಡದಿದ್ದರೆ ಪಡೆದವರಿಗೆ ಆ ಚೌಕವೇ ಇರುವುದಿಲ್ಲ. ಅದೇ ಚೌಕಗಳನ್ನು ಕಾಪಿ ಮಾಡಿ ಓದುವ ಪುಟಕ್ಕೂ ಹಾಕಿ. ಬೇಕಾದರೆ ಅಲ್ಲಿ ರೀಡ್ ಓನ್ಲಿ ಮಾಡಿ.

ಉತ್ತರ ಕೊಟ್ಟಾಗ ವಿವರ ಹೋಗುತ್ತಿದ್ದರೆ ಆ್ಯಕ್ಷನ್ಸ್ ಪುಟಕ್ಕೆ ಹೋಗಿ. ಮಾಮೂಲಿ ರಿಪ್ಲೈ ಸಾಮಾನ್ಯ ಮೇಲ್ ಫಾರ್ಮನ್ನೇ ತೆರೆಯುತ್ತದೆ. "ಒಪ್ಪಿಗೆ" ಅಂತ ಹೊಸ ಆ್ಯಕ್ಷನ್ ಮಾಡಿ ಅದಕ್ಕೆ ನಿಮ್ಮ ಫಾರ್ಮಿನ ಹೆಸರು ಕೊಡಿ. ಎರಡೂ ಫಾರ್ಮಿನಲ್ಲಿ ಒಂದೇ ಹೆಸರಿನ ಫೀಲ್ಡ್ ಇದ್ದರೆ ವಿವರ ತಾನಾಗಿ ಸಾಗುತ್ತದೆ.

ತಾರೀಖಿನ ವಿಷಯದಲ್ಲಿ ಒಂದು ಎಚ್ಚರ. ಖಾಲಿ ತಾರೀಖನ್ನು ಔಟ್‌ಲುಕ್ 4501ರ ಜನವರಿ 1 ಅಂತ ಇಟ್ಟುಕೊಳ್ಳುತ್ತದೆ. ಎಕ್ಸೆಲ್‌ಗೆ ತೆಗೆದಾಗ ಆ ವರ್ಷ ಕಂಡರೆ ಗಾಬರಿ ಬೇಡ, ಯಾರೋ ತಾರೀಖು ತುಂಬಿಲ್ಲ ಅಷ್ಟೆ. ಕೋಡಿನಲ್ಲಿ ಖಾಲಿ ಇದೆಯಾ ಅಂತ ನೋಡುವಾಗಲೂ ಆ ತಾರೀಖಿಗೇ ಹೋಲಿಸಿ.

ಫೀಲ್ಡಿನ ಟೈಪ್ ತಪ್ಪಾಗಿದ್ದರೆ ಬದಲಿಸಲು ಬರುವುದಿಲ್ಲ. ಫಾರ್ಮಿನಿಂದಲೂ ಫೋಲ್ಡರಿನಿಂದಲೂ ಅಳಿಸಿ ಮತ್ತೆ ಮಾಡಬೇಕು. ಒಂದು ಕಡೆ ಅಳಿಸಿ ಇನ್ನೊಂದು ಕಡೆ ಬಿಟ್ಟರೆ ಅದೇ ಹೆಸರಿನ ಫೀಲ್ಡ್ ಈಗಾಗಲೇ ಇದೆ ಅಂತ ತಕರಾರು ಶುರುವಾಗುತ್ತದೆ. ಹೊಸ ಹೆಸರಿನ ಹೊಸ ಫೀಲ್ಡ್ ಮಾಡುವುದೇ ಕ್ಷೇಮ.

## ಹಂತ 8: ಸಂಸ್ಥೆಯ ಹೊರಗೆ ಕಳಿಸುತ್ತಿದ್ದೀರಾ?

ಹೊರಗಿನವರ ಬಳಿ ನಿಮ್ಮ ಫಾರ್ಮ್ ಇಲ್ಲ. ಜಿಮೇಲ್‌ನಲ್ಲಿ ಓದುವವರಿಗೆ ಮೇಲ್‌ನ ಪಠ್ಯ ಮಾತ್ರ ಕಾಣುತ್ತದೆ, ಕೆಲವೊಮ್ಮೆ ಜೊತೆಗೆ ವಿನ್‌ಮೇಲ್ ಡಾಟ್ ಡ್ಯಾಟ್ ಅನ್ನುವ ತೆರೆಯಲಾಗದ ಫೈಲ್. ಇದನ್ನು ಸರಿಪಡಿಸಲು ಹೊತ್ತು ಕಳೆಯಬೇಡಿ. ಹೊರಗಿನವರಿಂದ ವಿವರ ಬೇಕಾದರೆ ವೆಬ್ ಫಾರ್ಮ್ ಬಳಸಿ. ಫಾರ್ಮಿನಲ್ಲೇ ಕಳಿಸಲೇಬೇಕು ಅಂದರೆ, ಸೆಂಡ್ ಈವೆಂಟ್‌ನಲ್ಲಿ ಫೀಲ್ಡ್‌ಗಳ ವಿವರವನ್ನು ಮೇಲ್‌ನ ಪಠ್ಯಕ್ಕೆ ಬರೆಯುವಂತೆ ಕೋಡ್ ಮಾಡಿ.

## ಹಂತ 9: ಸರಿಪಡಿಸಿದ್ದನ್ನು ಪಬ್ಲಿಶ್ ಮಾಡಿ

ಯಾರೋ ತುಂಬಿ ಕಳಿಸಿದ ಐಟಮ್ ತೆರೆದು ಅದನ್ನೇ ಪಬ್ಲಿಶ್ ಮಾಡಬೇಡಿ. ಅವರ ಹೆಸರು, ವಿಳಾಸ, ರಜೆಯ ಕಾರಣ ಎಲ್ಲ ಮುಂದಿನ ಪ್ರತಿಯೊಬ್ಬರ ಫಾರ್ಮಿನಲ್ಲೂ ಮೊದಲೇ ತುಂಬಿಕೊಂಡು ಬರುತ್ತದೆ. ಖಾಸಗಿ ವಿವರ ಹೀಗೆ ಆಫೀಸಿಗೆಲ್ಲ ಹಂಚಿಹೋಗಬಾರದು. ಯಾವಾಗಲೂ ಡಿಸೈನ್ ಎ ಫಾರ್ಮ್‌ನಿಂದ ಲೈಬ್ರರಿಯ ಪ್ರತಿಯನ್ನೇ ತೆರೆಯಿರಿ.

ಪ್ರಾಪರ್ಟೀಸ್ ಪುಟದಲ್ಲಿ ವರ್ಷನ್ ಸಂಖ್ಯೆ ಏರಿಸಿ. ಪ್ರತಿ ಸಲ ಏರಿಸಿ. ಯಾರ ಬಳಿ ಯಾವ ಪ್ರತಿ ಇದೆ ಅಂತ ತಿಳಿಯಲು ಇದಕ್ಕಿಂತ ಸುಲಭದ ದಾರಿ ಇಲ್ಲ. ಹಳೇ ಹೆಸರಿನಲ್ಲೇ, ಹಳೇ ಜಾಗದಲ್ಲೇ ಪಬ್ಲಿಶ್ ಮಾಡಿ. ಆಮೇಲೆ ಬೇರೆ ಯೂಸರ್‌ನ ಮೇಲ್‌ಬಾಕ್ಸ್‌ನಿಂದ ತೆರೆದು, ತುಂಬಿ, ಕಳಿಸಿ, ಪಡೆದು, ಉತ್ತರ ಕೊಟ್ಟು ನೋಡಿ.

## ಕೈ ತಡೆಯಬೇಕಾದ ಸೂಚನೆಗಳು

ಎಲ್ಲರಿಗೂ ಒಂದೇ ದಿನ, ಒಂದೇ ಹೊತ್ತಿಗೆ ಫಾರ್ಮ್ ನಿಂತಿದ್ದರೆ ಅದು ನಿಮ್ಮ ಕೋಡ್ ಅಲ್ಲ. ಅಪ್‌ಡೇಟ್, ಪಾಲಿಸಿ ಅಥವಾ ಸರ್ವರ್ ಬದಲಾವಣೆ ಆಗಿದೆ. ಏನನ್ನೂ ಮುಟ್ಟದೆ ಐಟಿ ವಿಭಾಗದವರನ್ನು ಕೇಳಿ.

ಲೈಬ್ರರಿಯಲ್ಲಿ ಒಂದೇ ಫಾರ್ಮ್ ಎರಡು ಸಲ ಕಾಣುತ್ತಿದ್ದರೆ, ಯಾವುದು ಬಳಕೆಯಲ್ಲಿದೆ ಅಂತ ತಿಳಿಯುವವರೆಗೆ ಯಾವುದನ್ನೂ ಅಳಿಸಬೇಡಿ.

ಇನ್ನು ಹಳೇ ಐಟಮ್‌ಗಳ ಮಾತು. ಹೊಸ ಹೆಸರಿನಲ್ಲಿ ಫಾರ್ಮ್ ಪಬ್ಲಿಶ್ ಮಾಡಲೇಬೇಕಾಗಿ ಬಂದರೆ, ಫೋಲ್ಡರಿನ ಡೀಫಾಲ್ಟ್ ಫಾರ್ಮ್ ಬದಲಿಸಿದ ಮಾತ್ರಕ್ಕೆ ಹಳೆಯವು ಬದಲಾಗುವುದಿಲ್ಲ. ಹೊಸದಾಗಿ ಸೃಷ್ಟಿಸುವವು ಮಾತ್ರ ಹೊಸ ಫಾರ್ಮ್ ಪಡೆಯುತ್ತವೆ. ಹಳೆಯವುಗಳ ಮೆಸೇಜ್ ಕ್ಲಾಸ್ ಅನ್ನು ಒಂದು ಚಿಕ್ಕ ವಿಬಿಎ ಮ್ಯಾಕ್ರೋದಿಂದ ಬದಲಿಸಿ ಸೇವ್ ಮಾಡಬೇಕು. ಮೊದಲು ನಾಲ್ಕಾರು ಐಟಮ್‌ಗಳನ್ನು ಬೇರೆ ಫೋಲ್ಡರ್‌ಗೆ ಕಾಪಿ ಮಾಡಿ ಅಲ್ಲಿ ಓಡಿಸಿ ನೋಡಿ. ಅವು ಸರಿಯಾಗಿ ತೆರೆದು, ಫೀಲ್ಡ್‌ಗಳಲ್ಲಿ ವಿವರ ಕಂಡ ಮೇಲೆ ಇಡೀ ಫೋಲ್ಡರ್ ಮೇಲೆ ಓಡಿಸಿ. ಎಲ್ಲ ಐಟಮ್ ಬದಲಾಗಿವೆ ಅಂತ ಮೆಸೇಜ್ ಕ್ಲಾಸ್ ಕಾಲಮ್‌ನಲ್ಲಿ ನೋಡಿಕೊಂಡ ನಂತರವೇ ಹಳೇ ಫಾರ್ಮನ್ನು ಲೈಬ್ರರಿಯಿಂದ ತೆಗೆಯಿರಿ.